ಎಣ್ಣೆ ಬಿಡದ ಮಾರ್ಜಿಪಾನ್ ಮೊಟ್ಟೆ

ಪ್ರಶ್ನೆ: ಈಸ್ಟರ್‌ಗೆ ಗೋಡಂಬಿ ಮಾರ್ಜಿಪಾನ್ (ಸಾಮಾನ್ಯವಾಗಿ ಬಾದಾಮಿ ಪುಡಿ, ಸಕ್ಕರೆಯಿಂದ ಮಾಡುವ ಸಿಹಿ ಹಿಟ್ಟು) ಮೊಟ್ಟೆ ಮಾಡಿದರೆ ಹಿಟ್ಟು ಎಣ್ಣೆ ಬಿಡುತ್ತದೆ, ಅಚ್ಚಿಗೂ ಅಂಟುತ್ತದೆ. ಏನು ಮಾಡಲಿ?

ಉತ್ತರ: ಎಣ್ಣೆ ಬಿಡುವುದು ಮಿಕ್ಸಿಯ ಬಿಸಿಗೆ. ಹುರಿಯದ 250 ಗ್ರಾಂ ಗೋಡಂಬಿಯನ್ನು ಒಣ ಜಾರಿನಲ್ಲಿ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ, ಜರಡಿ ಹಿಡಿಯಿರಿ. (ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ದುಬಾರಿ ಬಾದಾಮಿಯ ಬದಲು ಗೋಡಂಬಿಯೇ ರೂಢಿ, ರುಚಿಗೂ ಏನೂ ಕಮ್ಮಿಯಿಲ್ಲ.) ದಪ್ಪ ತಳದ ಬಾಣಲೆಯಲ್ಲಿ ಈ ಪುಡಿ, 250 ಗ್ರಾಂ ಸಕ್ಕರೆ ಪುಡಿ, ಒಂದು ಮೊಟ್ಟೆಯ ಬಿಳಿಭಾಗ, ಎರಡು ಚಮಚ ಪನ್ನೀರು ಕಲಸಿ ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಿ. ತಳ ಬಿಟ್ಟು ಮುದ್ದೆಯಾದಾಗ ಚೂರು ತೆಗೆದು, ಆರಿಸಿ, ಉಂಡೆ ಕಟ್ಟಿ ನೋಡಿ. ಬೆರಳಿಗೆ ಅಂಟದಿದ್ದರೆ ಕೂಡಲೇ ಇಳಿಸಿ. ಇನ್ನೂ ಕಾಯಿಸಿದರೆ ಆರಿದ ಮೇಲೆ ಬಿರುಕು ಬಿಡುತ್ತದೆ. ಬೆಚ್ಚಗಿರುವಾಗಲೇ ನುಣ್ಣಗೆ ನಾದಿ. ಒಣಗಿದಂತಿದ್ದರೆ ನಾಲ್ಕು ಹನಿ ಪನ್ನೀರು, ಮೆತ್ತಗಾದರೆ ಒಂದು ಚಮಚ ಐಸಿಂಗ್ ಶುಗರ್.

ನೀರಿನಂಥ ಬಣ್ಣ ಬೇಡ, ಹಿಟ್ಟು ಮತ್ತೆ ಅಂಟಾಗುತ್ತದೆ. ಜೆಲ್ ಬಣ್ಣ ಕಡ್ಡಿಯ ತುದಿಯಷ್ಟು ಸಾಕು. ಅಚ್ಚಿಗೆ ಐಸಿಂಗ್ ಶುಗರ್ ಉದುರಿಸಿ, ಕೊಡವಿ, ಹಿಟ್ಟನ್ನು ಒತ್ತಿ, ಅಂಚಿನಿಂದ ಬಿಡಿಸಿ. ರಾತ್ರಿಯಿಡೀ ತೆರೆದಿಟ್ಟರೆ ಮೇಲ್ಮೈ ಗಟ್ಟಿಯಾಗುತ್ತದೆ.

ಇದನ್ನು ತಿನ್ನುವ ಮಕ್ಕಳಲ್ಲಿ ಯಾರಿಗಾದರೂ ಗೋಡಂಬಿ ಅಥವಾ ಮೊಟ್ಟೆಯ ಅಲರ್ಜಿ ಇದೆಯೇ ಎಂದು ಮೊದಲೇ ಪೋಷಕರನ್ನು ಕೇಳಿಬಿಡಿ.