ಭೀಮಾ ಹೊಳೆಯಲ್ಲಿ 2 ನಂಬರಿನ ಗಾಳಕ್ಕೆ ಜೋಳದ ಹಿಟ್ಟು ಸಿಗಿಸಿ ಕೂರುತ್ತೇನೆ. ಬೆಂಡು (ದಾರಕ್ಕೆ ಕಟ್ಟಿದ ತೇಲುವ ತುಂಡು) ಕುಣಿಯುತ್ತದೆ, ಕೂಡಲೇ ಜಗ್ಗುತ್ತೇನೆ, ಹಿಟ್ಟು ಖಾಲಿಯಾಗುತ್ತದೆ, ಮೀನು ಮಾತ್ರ ಸಿಗುತ್ತಿಲ್ಲ. ತಪ್ಪು ಎಲ್ಲಿದೆ?

ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ ನೋಡ್ರಿ: 2 ನಂಬರಿನ ಗಾಳ, ಜೋಳದ ಹಿಟ್ಟಿನ ಉಂಡೆ, ಬೆಂಡು ಅಲುಗಿದ ಕೂಡಲೇ ಜಗ್ಗುವುದು. ಮೂರರಲ್ಲಿ ದೊಡ್ಡ ತಪ್ಪು ಹಿಟ್ಟಿನದು.

ಜೋಳದ ಹಿಟ್ಟಿಗೆ ಜಿಗುಟಿಲ್ಲ. ಕಲಬುರಗಿಯಲ್ಲಿ ರೊಟ್ಟಿ ಬಡಿಯುವ ಯಾರನ್ನಾದರೂ ಕೇಳಿ, ಬಿಸಿನೀರು ಹಾಕಿ ನಾದದಿದ್ದರೆ ಅಂಚು ಬಿರಿಯುತ್ತದೆ ಅಂತಾರೆ. ಹೊಳೆಗೆ ಬಿದ್ದ ಉಂಡೆ ಬೇಗನೆ ಕರಗಿ, ನೀವು ಬರಿ ಗಾಳ ಕಾಯುತ್ತಾ ಕೂತಿರುತ್ತೀರಿ. ಹಾಗಂತ ಆ ಹಿಟ್ಟನ್ನು ಬಿಸಾಡಬೇಡಿ. ಮೀನನ್ನು ಕರೆಯಲು ಕರಗುವ ಹಿಟ್ಟೇ ಬೇಕು, ಗಾಳಕ್ಕೆ ಮಾತ್ರ ಕರಗದ ಹಿಟ್ಟು.

ಕರೆಯುವುದಕ್ಕೆ ಅರ್ಧ ಕೆಜಿ ಜೋಳದ ಹಿಟ್ಟು, ಅರ್ಧ ಕೆಜಿ ಶೇಂಗಾ ಹಿಂಡಿ ಬೆರೆಸಿ. (ಊಟಕ್ಕೆ ಹಚ್ಚಿಕೊಳ್ಳುವ ಖಾರದ ಹಿಂಡಿ ಅಲ್ಲ, ಗಾಣದಲ್ಲಿ ಸಿಗುವ, ದನಕ್ಕೆ ಹಾಕುವ ಹಿಂಡಿ!) ನೀರು ಚಿಮುಕಿಸುತ್ತಾ ಕಲಸಿ. ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳಿಂದ ತಿವಿದರೆ ಒಡೆಯಬೇಕು. ನಿಂಬೆಹಣ್ಣಿನ ಗಾತ್ರದ ನಾಲ್ಕೈದು ಉಂಡೆ ಒಂದೇ ಜಾಗಕ್ಕೆ ಎಸೆದು, ಆಮೇಲೆ ಅರ್ಧ ಗಂಟೆಗೊಂದು ಸಾಕು. ಹೆಚ್ಚು ಹಾಕಿದರೆ ಮೀನಿನ ಹೊಟ್ಟೆ ತುಂಬುತ್ತದೆ, ಗಾಳದ ಕಡೆ ತಿರುಗಿಯೂ ನೋಡುವುದಿಲ್ಲ.

ಗಾಳಕ್ಕೆ 200 ಗ್ರಾಂ ಗೋಧಿ ಹಿಟ್ಟು, 50 ಗ್ರಾಂ ಹುರಿದು ಜರಡಿ ಹಿಡಿದ ಹಿಂಡಿ. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಹತ್ತು ನಿಮಿಷ ನಾದಿ, ಒದ್ದೆ ಬಟ್ಟೆಯಲ್ಲಿ ಅರ್ಧ ಗಂಟೆ ಸುತ್ತಿಡಿ. ಹೊರಡುವ ಮುಂಚೆ ಒಂದು ಲೋಟ ನೀರಿಗೆ ಸಣ್ಣ ಉಂಡೆ ಹಾಕಿ ನೋಡಿ. ಕಾಲು ಗಂಟೆ ತಡೆದರೆ ಸರಿ.

ಗಾಳದ ನಂಬರ್ ಉಲ್ಟಾ ಲೆಕ್ಕ: ಅಂಕಿ ಹೆಚ್ಚಾದಷ್ಟೂ ಗಾಳ ಸಣ್ಣದು. ರೋಹು, ಮೃಗಾಲ್‌ಗೆ ಹಿಟ್ಟು ಹಾಕುವಾಗ 6 ಅಥವಾ 8, ಜಿಲೇಬಿ ಮೀನಿಗೆ 10. ದಾರ 0.30 ಮಿಮೀ ತಂಗೂಸಿ. ಗಂಟು ಹಾಕುವಾಗ ಗಾಳದ ಕಣ್ಣಿನಿಂದ ದಾರ ತೂರಿಸಿ, ತುದಿಯನ್ನು ಅದೇ ದಾರದ ಮೇಲೆ ಐದಾರು ಸುತ್ತು ಸುತ್ತಿ, ಕಣ್ಣಿನ ಪಕ್ಕದ ಕುಣಿಕೆಯಲ್ಲಿ ತುದಿ ಹಾಕಿ, ಎಂಜಲು ಹಚ್ಚಿ ನಿಧಾನಕ್ಕೆ ಬಿಗಿಯಿರಿ. ಒಣಗಿದ್ದಾಗ ಬಿಗಿದರೆ ಉಜ್ಜಿದ ಬಿಸಿಗೆ ನೈಲಾನ್ ಸೊರಗಿ, ಮುಂದೆ ಅಲ್ಲೇ ತುಂಡಾಗುತ್ತದೆ.

ಇನ್ನು ಆಳ. ಕಾಟ್ಲಾದ ಬಾಯಿ ಮೇಲ್ಮುಖ, ಅದು ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ರೋಹು ನಡುವೆ, ಮೃಗಾಲ್ ತಳದಲ್ಲಿ. ಗಾಳಕ್ಕೆ ಭಾರದ ಸೀಸ ಸಿಗಿಸಿ ಬಿಡಿ. ಬೆಂಡು ಮುಳುಗಿದರೆ ಆಳ ಇನ್ನೂ ಇದೆ, ಬೆಂಡನ್ನು ಮೇಲೆ ಸರಿಸಿ. ಅಡ್ಡ ಬಿದ್ದರೆ ದಾರ ಹೆಚ್ಚಾಯಿತು, ಕೆಳಗೆ ಸರಿಸಿ. ನೆಟ್ಟಗೆ ನಿಂತ ಜಾಗದಲ್ಲಿ ಗುರುತು ಮಾಡಿ ಸೀಸ ತೆಗೆಯಿರಿ. ಭೀಮೆಯ ತಳದಲ್ಲಿ ಹೂಳಿದ್ದ ಕಡೆ ಬೆಂಡನ್ನು ಆ ಗುರುತಿಗಿಂತ ನಾಲ್ಕು ಬೆರಳು ಕೆಳಗೆ, ಗಾಳದ ಕಡೆಗೆ, ಸರಿಸುವುದು ಒಳ್ಳೆಯದು, ಇಲ್ಲದಿದ್ದರೆ ಉಂಡೆ ಕೆಸರಿನಲ್ಲಿ ಹೂತುಹೋಗುತ್ತದೆ.

ಬೆಂಡು ಟಕಟಕ ಕುಣಿದರೆ ಚಿಳ್ಳೆ ಮೀನು ಕುಕ್ಕುತ್ತಿದೆ ಅಂತ ಅರ್ಥ, ಸುಮ್ಮನಿರಿ. ಒಂದೇ ದಿಕ್ಕಿಗೆ ಜಾರಿ ಮುಳುಗಿದಾಗ, ಇಲ್ಲವೇ ತಟ್ಟನೆ ಮೇಲೆದ್ದು ಮಲಗಿದಾಗ (ತಳದ ಮೀನು ಉಂಡೆ ಎತ್ತಿದೆ) ಮಣಿಕಟ್ಟಿನಿಂದ ಚುರುಕಾಗಿ ಎತ್ತಿ. ತೋಳೆಲ್ಲ ಬೀಸಿದರೆ ತುಟಿ ಹರಿದು ಮೀನು ಹೋಗುತ್ತದೆ.

ರೀಲಿನ ಡ್ರ್ಯಾಗ್‌ಗೆ (ಮೀನು ಜೋರಾಗಿ ಎಳೆದಾಗ ದಾರ ಹರಿಯದಂತೆ ಬಿಟ್ಟುಕೊಡುವ ಬ್ರೇಕ್) ಸುಲಭದ ಅಳತೆ: ಎರಡು ಲೀಟರ್ ನೀರು ತುಂಬಿದ ಬಾಟಲಿಗೆ ದಾರ ಕಟ್ಟಿ, ರೀಲನ್ನೇ ಹಿಡಿದು ಎತ್ತಿ. ಬಾಟಲಿ ನೆಲ ಬಿಡುವ ಹೊತ್ತಿಗೆ ದಾರ ಮೆಲ್ಲಗೆ ಬಿಚ್ಚಿಕೊಳ್ಳಬೇಕು.

ಕಾಗಿಣಾ ಹೊಳೆ ಕಡೆ, ಮಳಖೇಡದ ಸುತ್ತ, ನೀರಡಿ ಸುಣ್ಣಕಲ್ಲಿನ ಹಾಸು, ದಾರ ಅದಕ್ಕೆ ಉಜ್ಜಿ ಸವೆಯುತ್ತದೆ. ಪ್ರತಿ ಮೀನಿನ ನಂತರ ಕೊನೆಯ ಒಂದು ಮೀಟರ್ ದಾರವನ್ನು ಉಗುರಿನಿಂದ ಸವರಿ ನೋಡಿ, ಒರಟಾಗಿದ್ದರೆ ಕತ್ತರಿಸಿ ಹೊಸ ಗಂಟು ಹಾಕಿ. ಕೈ ಪಳಗಿದವರೂ ಸವೆದ ದಾರ ನೋಡದೆ ದೊಡ್ಡ ಮೀನು ಕಳೆದುಕೊಳ್ಳುವುದುಂಟು.

ಕೊರವ ಮೀನಿಗೆ ಈ ಹಿಟ್ಟು ನಡೆಯದು. ಅದಕ್ಕೆ ಕಳೆ ಬೆಳೆದ ಅಂಚಿನಲ್ಲಿ ರಬ್ಬರ್ ಕಪ್ಪೆ ಬೇಕು. ಬಾಯಿ ಹಾಕಿದ ಮೇಲೆ ಒಂದೆರಡು ಸೆಕೆಂಡ್ ತಡೆದು ಜಗ್ಗಿ. ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕಂಡರೆ ಅದರಡಿ ತಂದೆತಾಯಿ ಕಾವಲಿರುತ್ತವೆ. ಗಾಳ ಹಾಕಿದರೆ ಸಿಗಬಹುದು, ಆದರೆ ಹಾಕಬೇಡಿ. ಕಾವಲು ಹೋದರೆ ಮರಿಗಳು ಬೇರೆ ಮೀನಿನ ಪಾಲು.

ಬೇಸಿಗೆಯಲ್ಲಿ ಬೆಳಗ್ಗೆ ಎಂಟೂವರೆಯೊಳಗೆ ಮುಗಿಸಿ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನು ಆಳಕ್ಕೆ ಇಳಿಯುತ್ತದೆ. ಬೀದರ್‌ನ ಕಾರಂಜಾ ಹಿನ್ನೀರಿಗೆ ಡಿಸೆಂಬರ್‌ನಲ್ಲಿ ಹೋದರೆ ಇದರ ಉಲ್ಟಾ, ಬಿಸಿಲೇರಿ ಹತ್ತು ಗಂಟೆಯಾದ ಮೇಲೆ ಕೂರಿ. ಕೆರೆ, ಜಲಾಶಯಗಳನ್ನು ಮೀನುಗಾರರ ಸಂಘಗಳಿಗೆ ಗುತ್ತಿಗೆ ಕೊಟ್ಟಿರುತ್ತಾರೆ, ದಡದಲ್ಲಿರುವವರನ್ನು ಕೇಳಿಯೇ ಗಾಳ ಹಾಕಿ. ಮಳೆಗಾಲದಲ್ಲಿ ಇಲ್ಲಿ ಹನಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಅಫಜಲಪುರ, ಜೇವರ್ಗಿ ಕಡೆ ಭೀಮೆ ಏರುತ್ತದೆ. ದಡದಲ್ಲಿ ಒಂದು ಕಡ್ಡಿ ಚುಚ್ಚಿಟ್ಟು, ನೀರು ಅದನ್ನು ದಾಟಿದರೆ ಸಾಮಾನು ಕಟ್ಟಿ ಮೇಲೆ ಬನ್ನಿ.