ಟಿಕ್ ಹೋದರೂ ಅಕ್ಷರ ಸಣ್ಣದಾಗದಿದ್ದರೆ

ಮಣಿಪಾಲದವರೇ, ನಿಮ್ಮ ತೊಂದರೆ ನನಗೆ ಅರ್ಥವಾದದ್ದು ಹೀಗೆ. ನೀವು ಬರೆದ ಕ್ರೋಮ್ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ರೈಟ್ ಕ್ಲಿಕ್ ಮೆನುವಿನಲ್ಲಿ 'ದೊಡ್ಡ ಅಕ್ಷರ' ಅಂತ ಚೆಕ್‌ಬಾಕ್ಸ್ ಇಟ್ಟಿದ್ದೀರಿ. ನಿಮ್ಮ ಕ್ರೋಮ್‌ನಲ್ಲಿ ಎಲ್ಲ ಸರಿ, ಅಮ್ಮನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಟಿಕ್ ತೆಗೆದರೂ ಅಕ್ಷರ ಸಣ್ಣದಾಗುವುದಿಲ್ಲ. ಲ್ಯಾಪ್‌ಟಾಪ್‌ದು ತಪ್ಪಲ್ಲ ಮಾರಾಯ್ರೆ.

ನೀವು ಹಾಕಿದ ಕೋಡ್‌ನಲ್ಲಿ ಮೇಲೆಯೇ 'ದೊಡ್ಡದು' ಅಂತ ಒಂದು ವೇರಿಯೇಬಲ್ ಉಂಟು, ಶುರುವಿನಲ್ಲಿ ಫಾಲ್ಸ್ (ಅಂದರೆ ದೊಡ್ಡದಲ್ಲ). ಪ್ರತಿ ಕ್ಲಿಕ್‌ಗೆ ಅದನ್ನು ತಿರುಗಿಸುತ್ತೀರಿ. ಆದರೆ ಮ್ಯಾನಿಫೆಸ್ಟ್ 3ರಲ್ಲಿ (ಎಕ್ಸ್‌ಟೆನ್ಶನ್ ಬರೆಯುವ ಈಗಿನ ಪದ್ಧತಿ) ಸರ್ವಿಸ್ ವರ್ಕರ್‌ಗೆ, ಅಂದರೆ ಹಿನ್ನೆಲೆಯಲ್ಲಿ ಓಡುವ ನಿಮ್ಮ ಕೋಡ್‌ಗೆ, 30 ಸೆಕೆಂಡ್ ಕೆಲಸ ಇಲ್ಲದಿದ್ದರೆ ಕ್ರೋಮ್ ಅದನ್ನು ನಿಲ್ಲಿಸಿಬಿಡುತ್ತದೆ. ಅಮ್ಮ ಒಮ್ಮೆ ಟಿಕ್ ಹಾಕಿದರು, ವೇರಿಯೇಬಲ್ ಟ್ರೂ ಆಯಿತು. ಅವರು ಸುದ್ದಿ ಓದುತ್ತಾ ಕುಳಿತಾಗ ವರ್ಕರ್ ಸತ್ತಿತು. ಟಿಕ್ ತೆಗೆಯಲು ಒತ್ತಿದಾಗ ವರ್ಕರ್ ಹೊಸದಾಗಿ ಎದ್ದಿತು, ವೇರಿಯೇಬಲ್ ಮತ್ತೆ ಫಾಲ್ಸ್, ತಿರುಗಿಸಿದರೆ ಟ್ರೂ. ಮೆನುವಿನಲ್ಲಿ ಟಿಕ್ ಇಲ್ಲ, ಅಕ್ಷರ ಮಾತ್ರ ದೊಡ್ಡದೇ.

ನಿಮಗೆ ಯಾಕೆ ಕಾಣಲಿಲ್ಲ ಅಂದರೆ, ನೀವು ಡೆವ್‌ಟೂಲ್ಸ್ (ಕೋಡ್ ಪರೀಕ್ಷಿಸುವ ಕಿಟಕಿ) ತೆರೆದಿಟ್ಟು ನೋಡಿರುತ್ತೀರಿ, ಅಲ್ವಾ? ವರ್ಕರ್‌ನ ಡೆವ್‌ಟೂಲ್ಸ್ ತೆರೆದಿದ್ದರೆ ಅದು ಸಾಯುವುದೇ ಇಲ್ಲ. ನಾನೂ ಇದೇ ಗುಂಡಿಗೆ ಬಿದ್ದವನು. ಶಂಕರಪುರದ ಮಾವನಿಗೆ ಮಲ್ಲಿಗೆ ಅಟ್ಟೆಯ (ಹೂವಿನ ಕಟ್ಟು) ದರ ನೋಡಲು 'ಫೋಟೋ ಬೇಡ' ಅಂತ ಒಂದು ಟಿಕ್ ಮಾಡಿಕೊಟ್ಟಿದ್ದೆ. ಎರಡು ದಿನ ಬೈಸಿಕೊಂಡೆ.

ಪರಿಹಾರ ಸುಲಭ. ಟಿಕ್ ತಿರುಗಿಸುವ ಕೆಲಸ ಬ್ರೌಸರ್‌ದೇ, ನೀವು ತಿರುಗಿಸಲೇಬೇಡಿ. ಮೆನು ಒತ್ತಿದಾಗ ಓಡುವ ಆನ್‌ಕ್ಲಿಕ್ಡ್‌ನಲ್ಲಿ ಸಿಗುವ ಇನ್ಫೋ ಒಳಗೆ ಚೆಕ್ಡ್ ಅಂತ ಇರುತ್ತದೆ. ಅದು ಕ್ಲಿಕ್ ಆದ ನಂತರದ ಸ್ಥಿತಿ (ಮೊದಲಿನದ್ದು ಬೇಕಾದರೆ ವಾಸ್‌ಚೆಕ್ಡ್). ಅದನ್ನೇ ಸ್ಟೋರೇಜ್ ಲೋಕಲ್‌ಗೆ (ವರ್ಕರ್ ಸತ್ತರೂ ಉಳಿಯುವ ಜಾಗ) ಬರೆದು, ಅದರ ಪ್ರಕಾರ ಅಕ್ಷರ ಬದಲಿಸಿ.

ಮೆನು ಕ್ರಿಯೇಟ್ ಮಾಡುವುದು, ಎಕ್ಸ್‌ಟೆನ್ಶನ್ ಹಾಕಿದಾಗ ಓಡುವ ಆನ್‌ಇನ್‌ಸ್ಟಾಲ್ಡ್ ಒಳಗೆ ಇರಲಿ. ಹೊರಗೆ ಬರೆದರೆ ವರ್ಕರ್ ಎದ್ದಾಗಲೆಲ್ಲ ಡೂಪ್ಲಿಕೇಟ್ ಐಡಿ ಎರರ್. ಎಕ್ಸ್‌ಟೆನ್ಶನ್ ಅಪ್‌ಡೇಟ್ ಆದಾಗಲೂ ಆನ್‌ಇನ್‌ಸ್ಟಾಲ್ಡ್ ಓಡುತ್ತದೆ, ಹಾಗಾಗಿ ಮೊದಲು ರಿಮೂವ್‌ಆಲ್‌ನಿಂದ ಹಳೆ ಮೆನು ಅಳಿಸಿ, ನಂತರ ಸ್ಟೋರೇಜ್ ಓದಿ ಅಲ್ಲಿರುವ ಸ್ಥಿತಿಯನ್ನೇ ಚೆಕ್ಡ್‌ಗೆ ಕೊಟ್ಟು ಕ್ರಿಯೇಟ್. ಸುಮ್ನೆ ಫಾಲ್ಸ್ ಕೊಟ್ಟರೆ ಪ್ರತಿ ಅಪ್‌ಡೇಟ್‌ಗೂ ಅಮ್ಮನ ಟಿಕ್ ಮಾಯ.

ಇನ್ನು ಸೈಟಿಗೊಂದು ಟಿಕ್ ಬೇಕು ಅಂದಿರಲ್ಲ, ಅದು ಸ್ವಲ್ಪ ತಲೆನೋವು. ಟಿಕ್ ಇಡೀ ಬ್ರೌಸರ್‌ಗೆ ಒಂದೇ. ಟ್ಯಾಬ್ ಬದಲಾದಾಗ, ಪುಟ ಬದಲಾದಾಗ, ಕಿಟಕಿ ಬದಲಾದಾಗ ಆ ಸೈಟಿಗೆ ಬರೆದಿಟ್ಟ ಸ್ಥಿತಿ ಓದಿ, ಕಾಂಟೆಕ್ಸ್ಟ್‌ಮೆನುಸ್ ಅಪ್‌ಡೇಟ್‌ನಿಂದ ಟಿಕ್ ನೀವೇ ಸರಿಮಾಡಬೇಕು. ಬೇಗ ಬೇಗ ಟ್ಯಾಬ್ ದಾಟಿದರೆ ಹಳೆಯ ಟ್ಯಾಬಿನ ಉತ್ತರ ತಡವಾಗಿ ಬಂದು ಟಿಕ್ ಕೆಡಿಸುತ್ತದೆ. ಅಪ್‌ಡೇಟ್ ಮಾಡುವ ಮೊದಲು ಈಗ ಎದುರಿಗಿರುವ ಟ್ಯಾಬ್ ಅದೇನಾ ಅಂತ ಇನ್ನೊಮ್ಮೆ ನೋಡಿ. ಫೈರ್‌ಫಾಕ್ಸ್‌ನಲ್ಲಿ ಮೆನು ತೆರೆಯುವ ಹೊತ್ತಿಗೇ ಸರಿಮಾಡಲು ಆನ್‌ಶೋನ್, ರಿಫ್ರೆಶ್ ಉಂಟು. ಕ್ರೋಮ್‌ನಲ್ಲಿ ಆ ಭಾಗ್ಯ ಇಲ್ಲ.

ಮತ್ತೆ, ಹೆಸರನ್ನು 'ದೊಡ್ಡ ಅಕ್ಷರ' ಅಂತಲೇ ಬಿಡಿ. 'ಆಫ್ ಮಾಡಿ' ಅಂತ ಬರೆದು ಪಕ್ಕದಲ್ಲಿ ಟಿಕ್ ಇದ್ದರೆ ಆನೋ ಆಫೋ ಯಾರಿಗೂ ತಿಳಿಯುವುದಿಲ್ಲ.

ಸರಿಮಾಡಿದ ಮೇಲೆ ಡೆವ್‌ಟೂಲ್ಸ್ ಮುಚ್ಚಿ, ಟಿಕ್ ಹಾಕಿ, ಒಂದು ಚಾ ಕುಡಿದು ಬಂದು ಟಿಕ್ ತೆಗೆಯಿರಿ. ಆಗಲೂ ಅಕ್ಷರ ದೊಡ್ಡದೇ ಇದ್ದರೆ ಕೋಡ್ ಇಲ್ಲಿ ಹಾಕಿ, ನೋಡುವ.