ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ರೇಡಿಯೇಶನ್: ಈಗಲೇ ಬೇಕೆ, ಕಾಯಬಹುದೆ?

ಪ್ರಶ್ನೆ: ನನಗೆ 63 ವರ್ಷ. ಎರಡೂವರೆ ತಿಂಗಳ ಹಿಂದೆ ಕ್ಯಾನ್ಸರಿಗಾಗಿ ಪ್ರಾಸ್ಟೇಟ್ ಗ್ರಂಥಿಯನ್ನು ಪೂರ್ತಿ ತೆಗೆದಿದ್ದಾರೆ. ಬಯಾಪ್ಸಿಯಲ್ಲಿ ಸಾಮಾನ್ಯ ಬಗೆಯದೆಂದು ಹೇಳಿದ್ದ ಗಡ್ಡೆ, ಗ್ರಂಥಿಯ ಅಂತಿಮ ವರದಿಯಲ್ಲಿ ‘ಡಕ್ಟಲ್ ಅಡಿನೋಕಾರ್ಸಿನೋಮಾ’ (ಗ್ರಂಥಿಯ ನಾಳಗಳಿಗೆ ಸಂಬಂಧಿಸಿದ ವಿರಳ ಬಗೆಯ ಕ್ಯಾನ್ಸರ್) ಎಂದು ಬಂದಿದೆ. ಗ್ಲೀಸನ್ ಅಂಕ (ಕ್ಯಾನ್ಸರಿನ ಉಗ್ರತೆಯ ಅಳತೆ) 4+4, ಅಂದರೆ 8, ಹೊರಪೊರೆ ದಾಟಿದೆ, ಕತ್ತರಿಸಿದ ಅಂಚಿನಲ್ಲಿ ಒಂದು ಕಡೆ ಕ್ಯಾನ್ಸರ್ ಕೋಶಗಳಿವೆ, ದುಗ್ಧಗ್ರಂಥಿಗಳಲ್ಲಿ (ಲಿಂಫ್ ಗ್ರಂಥಿ) ಏನೂ ಇಲ್ಲ. ಪಿಎಸ್‌ಎ (ಪ್ರಾಸ್ಟೇಟ್ ಕೋಶಗಳು ಸ್ರವಿಸುವ, ರಕ್ತದಲ್ಲಿ ಅಳೆಯುವ ಪ್ರೋಟೀನ್) 0.01ಕ್ಕಿಂತ ಕಡಿಮೆ. ಒಬ್ಬ ವೈದ್ಯರು ಈಗಲೇ ರೇಡಿಯೇಶನ್ ಬೇಕೆಂದರೆ, ಇನ್ನೊಬ್ಬರು ಪಿಎಸ್‌ಎ ಏರಿದರೆ ಮಾತ್ರ ಸಾಕೆನ್ನುತ್ತಾರೆ. ಮೂತ್ರ ಇನ್ನೂ ಸೋರುತ್ತದೆ. ಏನು ಮಾಡಲಿ? (ಓದುಗರು, ಕುಮಟಾ)

ಉತ್ತರ: ಇಬ್ಬರು ವೈದ್ಯರ ಮಾತಿಗೂ ಆಧಾರವಿದೆ. ಕಾದು ನೋಡುವ ಸಲಹೆಯ ಹಿಂದೆ 2020ರಲ್ಲಿ ಪ್ರಕಟವಾದ ಮೂರು ದೊಡ್ಡ ಅಧ್ಯಯನಗಳಿವೆ. ಎಲ್ಲರಿಗೂ ತಕ್ಷಣ ರೇಡಿಯೇಶನ್ ಕೊಡುವುದಕ್ಕೂ, ಪಿಎಸ್‌ಎ ಏರತೊಡಗಿದ ಕೂಡಲೇ ಕೊಡುವುದಕ್ಕೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವುಗಳಲ್ಲಿ ಕಾಣಲಿಲ್ಲ. ಕಾದವರಲ್ಲಿ ಅನೇಕರಿಗೆ ಚಿಕಿತ್ಸೆಯ ತೊಂದರೆಯೇ ತಪ್ಪಿತು. ಆದರೆ ಆ ಅಧ್ಯಯನಗಳಲ್ಲಿ ಹೆಚ್ಚಿನವರು ನಿಮಗಿಂತ ಸೌಮ್ಯವಾದ ಕಾಯಿಲೆಯವರು. ಗ್ಲೀಸನ್ 8 ಅಥವಾ ಹೆಚ್ಚು ಇದ್ದು ಹೊರಪೊರೆಯೂ ದಾಟಿರುವವರಿಗೆ, ಪಿಎಸ್‌ಎ ಶೂನ್ಯದ ಹತ್ತಿರವಿದ್ದರೂ, ಮೊದಲೇ ರೇಡಿಯೇಶನ್ ಕೊಡುವ ವಿಚಾರವನ್ನು ಯುರೋಪಿನ ಮೂತ್ರರೋಗ ತಜ್ಞರ ಮಾರ್ಗಸೂಚಿಯೂ ಮುಕ್ತವಾಗಿ ಇಟ್ಟಿದೆ.

ಡಕ್ಟಲ್ ಬಗೆ ಈ ಲೆಕ್ಕವನ್ನು ಇನ್ನಷ್ಟು ಬದಲಿಸುತ್ತದೆ. ಶುದ್ಧ ರೂಪದಲ್ಲಿ ಇದು ಪ್ರಾಸ್ಟೇಟ್ ಕ್ಯಾನ್ಸರಿನ ನೂರರಲ್ಲಿ ಒಂದಕ್ಕಿಂತ ಕಡಿಮೆ. ಹೆಚ್ಚಾಗಿ ಸಾಮಾನ್ಯ ಬಗೆಯೊಡನೆ ಬೆರೆತೇ ಇರುತ್ತದೆ. ಗಡ್ಡೆಯ ಗಾತ್ರಕ್ಕೆ ತಕ್ಕಷ್ಟು ಪಿಎಸ್‌ಎಯನ್ನು ಇದು ಯಾವಾಗಲೂ ಸ್ರವಿಸುವುದಿಲ್ಲ, ಶ್ವಾಸಕೋಶ, ಯಕೃತ್ತಿನಂಥ ಕಡೆಗೂ ಹೋಗಬಲ್ಲದು. ಆದ್ದರಿಂದ ಪಿಎಸ್‌ಎ ಒಂದನ್ನೇ ಕಾವಲಿಗೆ ನಿಲ್ಲಿಸಿ ಕಾಯುವುದು ನಿಮ್ಮ ವಿಷಯದಲ್ಲಿ ಸಾಕಾಗುವುದಿಲ್ಲ.

ಹಾಗೆಂದು ನಾಳೆಯೇ ಹೊರಡಬೇಕಿಲ್ಲ. ಮೊದಲ ಕೆಲಸ, ಡಕ್ಟಲ್ ಎಂಬ ಆ ಹೆಸರು ಸರಿಯೇ ಎಂದು ಮತ್ತೊಮ್ಮೆ ನೋಡಿಸುವುದು. ಡಕ್ಟಲ್, ಇಂಟ್ರಾಡಕ್ಟಲ್ (ನಾಳದೊಳಗೆ ಬೆಳೆಯುವ), ಕ್ರಿಬ್ರಿಫಾರ್ಮ್ (ಜರಡಿಯಂತೆ ಕಾಣುವ) ಮಾದರಿಗಳು ಸೂಕ್ಷ್ಮದರ್ಶಕದಡಿ ಒಂದನ್ನೊಂದು ಹೋಲುತ್ತವೆ, ನುರಿತವರಲ್ಲೂ ಅಭಿಪ್ರಾಯಭೇದ ಬರುತ್ತದೆ. ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಅರ್ಜಿ ಕೊಟ್ಟರೆ ಸ್ಲೈಡುಗಳನ್ನೂ ಗಡ್ಡೆಯ ತುಣುಕು ಹುದುಗಿಸಿದ ಮೇಣದ ಬ್ಲಾಕುಗಳನ್ನೂ ಕೊಡುತ್ತಾರೆ. ಅವುಗಳ ಮೇಲಿನ ಸಂಖ್ಯೆ ವರದಿಯ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಸ್ಲೈಡುಗಳನ್ನು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಡಿ, ಬ್ಲಾಕುಗಳನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಮೇಣ ಕರಗಬಹುದು. ಬೆಂಗಳೂರಿನ ಕಿದ್ವಾಯಿ, ಮುಂಬೈಯ ಟಾಟಾ ಸ್ಮಾರಕದಂಥ ಸಂಸ್ಥೆಗಳಲ್ಲಿ ಇಂಥ ಮರುಪರಿಶೀಲನೆ ನಡೆಯುತ್ತದೆ. ಡಕ್ಟಲ್ ಅಂಶ ಎಷ್ಟು ಪಾಲು, ಅಂಚಿನಲ್ಲಿ ಉಳಿದಿರುವುದು ಎಷ್ಟು ಮಿಲಿಮೀಟರ್, ಅಲ್ಲಿರುವುದು ಯಾವ ಗ್ರೇಡು ಎಂದು ಬರೆದೇ ಕೇಳಿ.

ಮರುಪರಿಶೀಲನೆಯೂ ಇದನ್ನೇ ಹೇಳಿದರೆ, ನನ್ನ ಒಲವು ರೇಡಿಯೇಶನ್ ಕಡೆಗೆ. ಆದರೆ ಮೂತ್ರದ ಹಿಡಿತ ಒಂದು ಹಂತಕ್ಕೆ ಬಂದ ಮೇಲೆ. ಸೋರುವಿಕೆ ಇನ್ನೂ ಸುಧಾರಿಸುತ್ತಿರುವಾಗಲೇ ಶುರುಮಾಡಿದರೆ ಆ ಸುಧಾರಣೆ ಅಲ್ಲಿಗೇ ನಿಲ್ಲುವ ಭಯವಿದೆ. ಶಸ್ತ್ರಚಿಕಿತ್ಸೆಯಾಗಿ ನಾಲ್ಕರಿಂದ ಆರು ತಿಂಗಳೊಳಗೆ ಆರಂಭಿಸಿದರೆ ತಡವೇನಲ್ಲ. ಅಲ್ಲಿಯವರೆಗೆ ಶ್ರೋಣಿಯ (ಕಿಬ್ಬೊಟ್ಟೆಯ ತಳಭಾಗದ) ಸ್ನಾಯುಗಳ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿತು ದಿನವೂ ಮಾಡಿ. ಪುರುಷ ಹಾರ್ಮೋನನ್ನು ತಗ್ಗಿಸುವ ಚುಚ್ಚುಮದ್ದು ಜೊತೆಗೆ ಬೇಕೆ ಎಂಬುದನ್ನು ರೇಡಿಯೇಶನ್ ತಜ್ಞರೊಡನೆ ಪ್ರತ್ಯೇಕವಾಗಿ ಚರ್ಚಿಸಿ.

ಕಾಯುವುದನ್ನೇ ಆರಿಸಿಕೊಂಡರೆ ಮೂರು ತಿಂಗಳಿಗೊಮ್ಮೆ ಒಂದೇ ಪ್ರಯೋಗಾಲಯದಲ್ಲಿ ಪಿಎಸ್‌ಎ ಮಾಡಿಸಿ, 0.1 ದಾಟಿ ಏರುತ್ತಿದ್ದರೆ ಮತ್ತೆ ಕಾಯಬೇಡಿ. ಜೊತೆಗೆ ಎದೆ ಮತ್ತು ಹೊಟ್ಟೆಯ ಸ್ಕ್ಯಾನನ್ನು ಎಷ್ಟು ಅವಧಿಗೊಮ್ಮೆ ಮಾಡಿಸಬೇಕೆಂದು ಈಗಲೇ ಗೊತ್ತುಮಾಡಿಕೊಳ್ಳಿ.

ರೇಡಿಯೇಶನ್ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಏಳು ವಾರ ನಡೆಯುತ್ತದೆ, ನಡುನಡುವೆ ತಪ್ಪಬಾರದು. ನಮ್ಮ ಕರಾವಳಿಯವರು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕಾಗುತ್ತದೆ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿದ್ದು ನಿಮಗೆ ನೆನಪಿರಬೇಕು. ಮಳೆಗಾಲವಾದರೆ ದಿನವೂ ಓಡಾಡುವ ಯೋಚನೆ ಬಿಟ್ಟು ಆಸ್ಪತ್ರೆಯ ಹತ್ತಿರವೇ ಕೋಣೆ ಹಿಡಿಯಿರಿ.

ಇನ್ನೊಂದು ಮಾತು, ನಿಮ್ಮ ಮನೆಯವರಿಗೂ ಸೇರಿದ್ದು. ಈ ಬಗೆಯ ಕ್ಯಾನ್ಸರ್ ಇರುವವರಲ್ಲಿ ಬಿಆರ್‌ಸಿಎ2ನಂಥ ವಂಶವಾಹಿ ದೋಷ ಇದೆಯೇ ಎಂದು ರಕ್ತ ಅಥವಾ ಎಂಜಲಿನಿಂದ ಪರೀಕ್ಷಿಸಲು ತಜ್ಞರು ಹೇಳುತ್ತಾರೆ. ಇದ್ದರೆ ಮುಂದೆ ನಿಮಗೆ ಬೇಕಾಗಬಹುದಾದ ಔಷಧದ ಆಯ್ಕೆ ಬದಲಾಗುತ್ತದೆ. ಅದೇ ದೋಷ ಅವರಲ್ಲೂ ಕಂಡರೆ ನಿಮ್ಮ ಸಹೋದರರು ಪ್ರಾಸ್ಟೇಟಿಗೂ, ಸಹೋದರಿಯರು, ಹೆಣ್ಣುಮಕ್ಕಳು ಸ್ತನ ಮತ್ತು ಅಂಡಾಶಯಕ್ಕೂ ತಪಾಸಣೆ ಮಾಡಿಸಿಕೊಳ್ಳಬೇಕಾಗುತ್ತದೆ.